ಕೈ ಮುಚ್ಚಿದ ಜಾಗ

ಬೇಸ್ ಗಿಟಾರಿನ ಎದೆಯಲ್ಲಿ ಮೂರು ಗುಳಿ.
ಒಂದರಲ್ಲಿ ಮಾತ್ರ ಪಿಕಪ್ಪು.
ಉಳಿದೆರಡಕ್ಕೆ ಮರದ ಬಿರಡೆ ಬಡಿದು
ಬಾಗಿಲಿಗೆ ಹಚ್ಚಿ ಉಳಿದ ಹಸಿರು ಬಣ್ಣ ಬಳಿದಿದ್ದಾರೆ.
"ಯಾವುದು ಸರಿಯಾದ ಜಾಗ?" ಅನ್ನುತ್ತಾಳೆ ಲೀಸ್‌ಬೆತ್,
ಹತ್ತೊಂಬತ್ತು ವಯಸ್ಸು, ಕೈಗವಸು ಇನ್ನೂ ಬಿಚ್ಚಿಲ್ಲ,
ಬೂಟಿನ ಹಿಮ ನನ್ನ ನೆಲದ ಮೇಲೆ ನೀರಾಗುತ್ತಿದೆ.

ಕೂತ್ಕೋ, ಹೇಳ್ತೇನೆ.
ಇದನ್ನು ಮಾಡಿದವನು ವಂಬೊಲಾ, ನನ್ನ ಸೋದರಮಾವ.
ಎಪ್ಪತ್ತೊಂದನೇ ಇಸವಿ, ಇದೇ ತಾರ್ತು, ನದಿಯಾಚೆಯ ಓಣಿ.
ಅಂಗಡಿಯಲ್ಲಿ ಬೇಸ್ ಇರಲಿಲ್ಲ. ಬಂದರೂ
ಅದಕ್ಕೆ ಸರದಿ, ಸರದಿಗೆ ಶಿಫಾರಸು, ಶಿಫಾರಸಿಗೆ ಬಾಟಲಿ.
ಹೆಲ್ಸಿಂಕಿಯ ಹಡಗಿನ ಅಡುಗೆಯವನೊಬ್ಬ
ಹೆರಿಂಗ್ ಮೀನು ಸುತ್ತಿ ತಂದ ಪತ್ರಿಕೆಯ ಹಾಳೆ,
ಅದರಲ್ಲೊಂದು ಫೋಟೋ: ಉದ್ದಗೂದಲಿನವನು, ಕಣ್ಣು ಮುಚ್ಚಿ,
ಬೇಸ್ ನುಡಿಸುತ್ತಿದ್ದಾನೆ.

ಮೀನೆಣ್ಣೆ ಕುಡಿದ ಆ ಹಾಳೆಯ ಮೇಲೆ
ಮಾವ ಸ್ಕೇಲಿಟ್ಟು ಅಳೆದ.
ಕತ್ತು ಇಷ್ಟು, ಒಡಲು ಇಷ್ಟು, ಕೊಂಬು ಇಷ್ಟು.
ಎಲ್ಲ ಸಿಕ್ಕಿತು, ಒಂದು ಬಿಟ್ಟು:
ಪಿಕಪ್ಪು ಇರಬೇಕಾದಲ್ಲೇ
ಆ ಪುಣ್ಯಾತ್ಮನ ಬಲಗೈ.

ಭೂತಗನ್ನಡಿ ಹಿಡಿದ. ಹಾಳೆ ಓರೆ ಮಾಡಿ ನೋಡಿದ.
ಅಜ್ಜಿ ಹೇಳುತ್ತಿದ್ದಳು, ತಿರುವಿಯೂ ನೋಡಿದನಂತೆ.
ಹಿಂದೆ ಹೊಲಿಗೆ ಮೆಷಿನ್ನಿನ ಜಾಹೀರಾತು.

ಪ್ಲೈವುಡ್ಡು ಸ್ಕೀ ಕಾರ್ಖಾನೆಯದು.
ತಂತಿ, ಕ್ಲಬ್ಬಿನ ಪಿಯಾನೋದ ಹೊಟ್ಟೆಯಿಂದ;
ಆ ಡಿಸೆಂಬರಿನ ವಾಲ್ಟ್ಸಿಗೆ ಎಡಗೈಯೇ ಇರಲಿಲ್ಲ.
ಅಯಸ್ಕಾಂತ, ಸುರುಳಿ, ಬೀದಿ ಕೊನೆಯ ಟೆಲಿಫೋನಿನ ಕಿವಿಯಿಂದ.
ಮರುದಿನ ಹಾಲಿನಂಗಡಿಯ ಹಿಲ್ಯಾ
ಉಸಿರಿಲ್ಲದ ಆ ರಿಸೀವರಿಗೆ
ಅರ್ಧ ಗಂಟೆ ಬೈದಳಂತೆ.

ಮೊದಲ ಗುಳಿ ಕತ್ತಿನ ಬುಡದಲ್ಲಿ.
ಅಲ್ಲಿ ತಂತಿಯ ತೂಗಾಟ ದೊಡ್ಡದು.
ದನಿ ಬಂತು, ದಪ್ಪ, ಬೆಚ್ಚಗೆ,
ಕಂಬಳಿಯೊಳಗಿಂದ ಮಾತಾಡಿದ ಹಾಗೆ.
"ಏನೋ ಕೇಳಿಸುತ್ತೆ, ಏನಂತ ತಿಳಿಯಲ್ಲ" ಅಂದ ಡ್ರಮ್ಮಿನ ಕಲ್ಯು.
ಎರಡನೆಯದು ಬ್ರಿಡ್ಜಿಗೆ ಅಂಟಿಕೊಂಡು.
ಅಲ್ಲಿ ತಂತಿ ಅಲುಗುವುದೇ ಕಡಿಮೆ.
ಅಕ್ಷರ ಅಕ್ಷರ ಸ್ಪಷ್ಟ, ಆದರೆ ಮೂಗಿನಲ್ಲಿ,
ಪಾಸ್‌ಪೋರ್ಟ್ ಕಚೇರಿಯ ಗುಮಾಸ್ತ ಹೆಸರು ಕೂಗಿದ ಹಾಗೆ.
ಕುಣಿಯುವವರ ಕಾಲಿಗೆ ಅದು ತಾಗಲೇ ಇಲ್ಲ.

ಆಮೇಲೆ ಚಳಿಗಾಲವಿಡೀ
ಪಿಕಪ್ಪನ್ನು ದಾರಕ್ಕೆ ಕಟ್ಟಿ ತಂತಿಯ ಮೇಲೆ ಇಳಿಬಿಟ್ಟು
ಬೆರಳಗಲ, ಬೆರಳಗಲ ಸರಿಸುತ್ತಾ ಕೂತ.
ತಂತಿ ಒಂದೇ, ಮೀಟಿದ್ದೂ ಒಂದೇ ಸಲ.
ಆದರೆ ಅದು ಇಡಿಯಾಗಿ ನಡುಗುತ್ತದೆ, ಅರ್ಧರ್ಧವಾಗಿಯೂ,
ಮೂರಾಗಿ, ನಾಲ್ಕಾಗಿ, ಎಲ್ಲ ಒಟ್ಟಿಗೆ.
ಒಂದೊಂದು ನಡುಕಕ್ಕೂ ಅಲುಗದ ಗಂಟುಗಳಿವೆ.
ಆ ಗಂಟಿಗೆ ಕಿವಿ ಕೊಟ್ಟರೆ
ಆ ಸ್ವರಕ್ಕೆ ಕಿವುಡು.
ಎಲ್ಲಿಟ್ಟರೂ ಯಾವುದಾದರೂ ಒಂದಕ್ಕೆ ಕಿವುಡೇ.
ಇದನ್ನೆಲ್ಲ ಮಾವ ಗೋಡೆಯ ಮೇಲೆ ಪೆನ್ಸಿಲ್ಲಲ್ಲಿ ಗೀಚಿದ್ದ.
ಅಜ್ಜಿ ವಾಲ್‌ಪೇಪರ್ ಅಂಟಿಸಿದಳು.

ಮೂರನೆಯ ಗುಳಿ ಇದು, ನಡುವೆ, ಸ್ವಲ್ಪ ಸೊಟ್ಟಗೆ.
ಯಾಕೆ ಇಲ್ಲೇ ಅಂತ ಕೇಳಿದ್ದೆ, ಆಸ್ಪತ್ರೆಯಲ್ಲಿ.
"ದಾರ ಹರಿಯಿತು," ಅಂದ. "ಬಿದ್ದಲ್ಲೇ ಬಿಟ್ಟೆ."
ಸುಳ್ಳು ಹೇಳುವಾಗ ಅವನು
ಮೂಗು ಕೆರೆದುಕೊಳ್ಳುತ್ತಿದ್ದ. ಅವತ್ತು
ಎರಡೂ ಕೈಗೆ ಸೂಜಿ ಚುಚ್ಚಿದ್ದರು.

ಫೋಟೋದ ಆ ಬೇಸ್ ಯಾವುದೆಂದು ಈಗ ನನಗೆ ಗೊತ್ತು.
ಅಂಥವು ನಾಲ್ಕು ಈ ಮೇಜಿಗೆ ರಿಪೇರಿಗೆ ಬಂದಿವೆ.
ಸ್ಕೇಲು ಕೈಯಲ್ಲೇ ಇತ್ತು.
ಅಳೆಯಲಿಲ್ಲ.

ಲೀಸ್‌ಬೆತ್ ಕೈಗವಸು ಬಿಚ್ಚುತ್ತಾಳೆ. ವೈರು ಸಿಕ್ಕಿಸುತ್ತೇನೆ.
ಕತ್ತಿನ ಬಳಿಯ ಬಿರಡೆ ಒಣಗಿ ಎಂದೋ ಉದುರಿದೆ;
ಆ ಖಾಲಿ ಗುಳಿಯ ಅಂಚಿಗೆ, ಕೇಳದೆಯೇ,
ಹೆಬ್ಬೆರಳು ಊರುತ್ತಾಳೆ. ಹೆಬ್ಬೆರಳಿಗೂ ಒಂದು ನೆಲೆ ಬೇಕಲ್ಲ.
ದಪ್ಪ ತಂತಿ ಮೀಟುತ್ತಾಳೆ.
ಕಿಟಕಿಯ ಗಾಜು ಜುಮ್ಮೆನ್ನುತ್ತದೆ, ಮೊಳೆಯ ಡಬ್ಬಿಯೂ.

ರಿಜಿಸ್ಟರಿಗೆ ಫೋಟೋ ಬೇಕು. "ಕೈ ತೆಗಿ" ಅಂದೆ.
ಅವಳಿಗೆ ಕೇಳಿಸಲಿಲ್ಲ. ಹಾಗೇ ತೆಗೆದೆ.
ಬಿಲ್ಲು: ಬೆಸುಗೆ, ಹೊಸ ಜ್ಯಾಕು, ಹದಿನೆಂಟು ಯೂರೋ.
'ಗುಳಿ ಮುಚ್ಚಿದ್ದಕ್ಕೆ' ಅಂತ ಬರೆದಿದ್ದನ್ನು
ಹೊಡೆದುಹಾಕಿದೆ.